ಮಿಂಡೆಲೊಗೆ ಏಳು ದಿನ

ಹೋದ ವರ್ಷ ಡಿಸೆಂಬರಿನಲ್ಲಿ ನಾನು ಆಫ್ರಿಕಾದ ಪಶ್ಚಿಮಕ್ಕೆ ಅಟ್ಲಾಂಟಿಕ್‌ನಲ್ಲಿರುವ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್ ಬಂದರಿನಿಂದ, ಅದೇ ಸಾಗರದಲ್ಲಿ ಇನ್ನೂ ದಕ್ಷಿಣಕ್ಕಿರುವ ಕಾಬೊ ವರ್ಡೆ ಎಂಬ ದ್ವೀಪದೇಶದ ಮಿಂಡೆಲೊ ಬಂದರಿನವರೆಗೆ ಹನ್ನೊಂದು ಮೀಟರ್ ಉದ್ದದ ಹಾಯಿದೋಣಿಯೊಂದರಲ್ಲಿ ಪ್ರಯಾಣ ಮಾಡಿದೆ. ಸಂಗತಿ ತಿಳಿದವರೆಲ್ಲ ಮೊದಲು ವಿಚಾರಿಸುವುದು ಬಿರುಗಾಳಿಯನ್ನು. ಬಿರುಗಾಳಿ ಬರಲಿಲ್ಲ ಎಂದಾಗ ಅವರ ಮುಖ ಸ್ವಲ್ಪ ಬಾಡುತ್ತದೆ. ಎರಡನೆಯ ಪ್ರಶ್ನೆ, ರಾತ್ರಿ ದೋಣಿಯನ್ನು ಎಲ್ಲಿ ನಿಲ್ಲಿಸುತ್ತಿದ್ದಿರಿ ಎಂಬುದು. ಎಲ್ಲಿಯೂ ಇಲ್ಲ. ಅಲ್ಲಿ ಸಮುದ್ರದ ಆಳ ಮೂರು ಸಾವಿರ ಮೀಟರಿಗೂ ಹೆಚ್ಚು, ನಮ್ಮ ಲಂಗರಿನ ಸರಪಳಿ ಅರವತ್ತು ಮೀಟರ್. ಹೊರಟ ಮೇಲೆ ತಲುಪುವವರೆಗೆ ದೋಣಿ ಹಗಲು ರಾತ್ರಿ ಓಡುತ್ತಲೇ ಇರಬೇಕು, ಯಾರಾದರೊಬ್ಬರು ಎಚ್ಚರವಾಗಿರಲೇಬೇಕು. ಈ ಒಂದು ಸಂಗತಿಯೇ ಆ ವಾರದ ಉಳಿದೆಲ್ಲವನ್ನೂ ತೀರ್ಮಾನಿಸಿತು: ನಿದ್ದೆ, ಊಟ, ಮಾತು, ಜಗಳ ಎಲ್ಲವನ್ನೂ.

ದೋಣಿ ನನ್ನ ಹಳೆಯ ಸಹೋದ್ಯೋಗಿಯದು. ಅವನೂ ಅವನ ಹೆಂಡತಿಯೂ ಹತ್ತು ವರ್ಷಗಳಿಂದ ಹಾಯಿದೋಣಿ ನಡೆಸುತ್ತಿದ್ದಾರೆ. ನನಗಿದ್ದ ಅನುಭವವೆಂದರೆ ದಂಡೆಯನ್ನು ಕಣ್ಣಳತೆಯಲ್ಲಿಟ್ಟುಕೊಂಡು ಅವರೊಂದಿಗೆ ಮಾಡಿದ ಕೆಲವು ಸಣ್ಣ ಓಡಾಟಗಳು ಮಾತ್ರ. ಇಬ್ಬರೇ ಹೋದರೆ ರಾತ್ರಿಯ ಕಾವಲು ಪ್ರಾಣ ಹಿಂಡುತ್ತದೆ, ಮೂರನೆಯವರೊಬ್ಬರಿದ್ದರೆ ಎಲ್ಲರಿಗೂ ಮನುಷ್ಯರಂತೆ ನಿದ್ದೆ ಸಿಗುತ್ತದೆ ಎಂಬ ಲೆಕ್ಕದ ಮೇಲೆ ನನ್ನನ್ನು ಕರೆದಿದ್ದರು. ಅಂದರೆ ನನ್ನ ಯೋಗ್ಯತೆ ಎರಡು ಕಣ್ಣು ಮತ್ತು ಎರಡು ಕಿವಿ. ಕೊನೆಗೆ ಕಣ್ಣಿಗಿಂತ ಕಿವಿಯೇ ಹೆಚ್ಚು ಉಪಯೋಗಕ್ಕೆ ಬಂತು.

ದಾರಿ ಸುಮಾರು 865 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಯೆಂದರೆ 1,852 ಮೀಟರ್, ಗಂಟೆಗೆ ಒಂದು ನಾಟಿಕಲ್ ಮೈಲಿಯ ವೇಗಕ್ಕೆ ಒಂದು ನಾಟ್ ಎಂದು ಹೆಸರು. ನಮ್ಮ ಸರಾಸರಿ ವೇಗ ಐದು ನಾಟ್‌ಗಿಂತ ಸ್ವಲ್ಪ ಹೆಚ್ಚು. ಸೈಕಲ್ ತುಳಿಯುವವನು ಇದಕ್ಕಿಂತ ಬೇಗ ಹೋಗುತ್ತಾನೆ. ಆದರೆ ಸೈಕಲ್ ತುಳಿಯುವವನು ರಾತ್ರಿ ಮಲಗುತ್ತಾನೆ. ಗಾಳಿ ಈ ಭಾಗದಲ್ಲಿ ನಂಬಿಗಸ್ತ. ಅಜೋರ್ಸ್ ದ್ವೀಪಗಳ ಆಸುಪಾಸಿನಲ್ಲಿ ನೆಲೆನಿಲ್ಲುವ ಅಧಿಕ ಒತ್ತಡದ ವಲಯದ ಪೂರ್ವ ಮತ್ತು ದಕ್ಷಿಣ ಅಂಚಿನಲ್ಲಿ ಈಶಾನ್ಯ ದಿಕ್ಕಿನಿಂದ ಬೀಸುವ ವಾಣಿಜ್ಯ ಮಾರುತ ಇದು. 1492ರ ಸೆಪ್ಟೆಂಬರಿನಲ್ಲಿ ಕೊಲಂಬಸ್ ಇದೇ ಕ್ಯಾನರಿ ದ್ವೀಪಗಳ ಲಾ ಗೊಮೇರಾದಿಂದ ಹೊರಟು ಅಟ್ಲಾಂಟಿಕ್ ದಾಟಿದ್ದು ಇದರ ಬೆನ್ನೇರಿಯೇ. ಚಳಿಗಾಲದಲ್ಲಿ ಅದು ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತು ನಾಟ್ ವೇಗದಲ್ಲಿ, ಹಗಲು ರಾತ್ರಿಯ ಭೇದವಿಲ್ಲದೆ ಬೀಸುತ್ತದೆ. ನಾವು ಹೋಗಬೇಕಾದದ್ದು ನೈಋತ್ಯದ ಕಡೆಗೆ, ಆದ್ದರಿಂದ ಗಾಳಿ ನಮ್ಮ ಬೆನ್ನಿಗೆ.

ಬೆನ್ನಿಗೆ ಗಾಳಿ ಇರುವುದು ಕೇಳುವುದಕ್ಕೆ ಹಿತವಾದ ಮಾತು. ಅದರ ಬೆಲೆ ಏನೆಂದು ಮೊದಲ ಸಂಜೆಯೇ ಗೊತ್ತಾಯಿತು. ಪಕ್ಕದಿಂದ ಗಾಳಿ ಬೀಸಿದರೆ ಹಾಯಿಯ ಒತ್ತಡಕ್ಕೆ ದೋಣಿ ಒಂದು ಮಗ್ಗುಲಿಗೆ ವಾಲಿ ಅಲ್ಲಿಯೇ ಸ್ಥಿರವಾಗಿ ನಿಲ್ಲುತ್ತದೆ. ಹಿಂದಿನಿಂದ ಬೀಸಿದರೆ ಆ ಆಸರೆ ಇಲ್ಲ. ಪ್ರತಿಯೊಂದು ಉಬ್ಬಲೆಯೂ ಹಿಂಬದಿಯನ್ನು ಎತ್ತಿ, ದೋಣಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಉರುಳಿಸಿ, ಮುಂದೆ ಹೋಗುತ್ತದೆ. ನಾಲ್ಕೈದು ಸೆಕೆಂಡಿಗೊಮ್ಮೆ ಈ ಓಲಾಟ, ಏಳು ದಿನ ಬಿಡುವಿಲ್ಲದೆ. ಯಾವ ಕೆಲಸ ಮಾಡುವುದಕ್ಕೂ ಒಂದೇ ಕೈ ಸಿಗುತ್ತದೆ. ಇನ್ನೊಂದು ಕೈ ಸದಾ ಏನನ್ನಾದರೂ ಹಿಡಿದುಕೊಂಡಿರಬೇಕು. ಬಟ್ಟಲನ್ನು ಮೇಜಿನ ಮೇಲಿಟ್ಟು ಚಮಚಕ್ಕೆ ಕೈಚಾಚುವಷ್ಟರಲ್ಲಿ ಬಟ್ಟಲು ಮೇಜಿನ ಮೇಲಿರುವುದಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಹೊರಟು ಗ್ರಾನ್ ಕನೇರಿಯಾ ದ್ವೀಪದ ಪೂರ್ವ ತೀರದ ಗುಂಟ ಇಳಿದೆವು. ಎತ್ತರದ ದ್ವೀಪಗಳು ಗಾಳಿಯನ್ನು ತಡೆದು ತಮ್ಮ ಎರಡೂ ಪಕ್ಕಗಳಿಗೆ ಹಿಂಡುತ್ತವೆ. ಹಾಗೆ ಹಿಂಡಿದ ಗಾಳಿ ದ್ವೀಪದ ಅಂಚಿನಲ್ಲಿ ಇದ್ದಕ್ಕಿದ್ದಂತೆ ಹತ್ತು ಹದಿನೈದು ನಾಟ್ ಹೆಚ್ಚಾಗುತ್ತದೆ. ಸಂಜೆಯ ಹೊತ್ತಿಗೆ ಆಗ್ನೇಯ ಮೂಲೆ ತಲುಪುವ ಮೊದಲೇ ಗೆಳೆಯ ದೊಡ್ಡ ಹಾಯಿಯನ್ನು ಎರಡು ಮಡಿಕೆ ಕುಗ್ಗಿಸಿ ಕಟ್ಟಿದ. ಆಗ ಗಾಳಿ ಹದಿನಾಲ್ಕು ನಾಟ್. ಇಷ್ಟು ಸಣ್ಣ ಗಾಳಿಗೆ ಇದೇನು ಅತಿ ಎಚ್ಚರಿಕೆ ಎಂದು ನನಗನ್ನಿಸಿತು. ಅರ್ಧ ಗಂಟೆಯಲ್ಲಿ ಮಾಪಕ ಇಪ್ಪತ್ತೆಂಟು ತೋರಿಸುತ್ತಿತ್ತು, ಅಲೆಗಳ ತಲೆ ಬೆಳ್ಳಗಾಗಿತ್ತು, ನಾನು ಯಾವ ಅಭಿಪ್ರಾಯವನ್ನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ದೂರದಲ್ಲಿ ಟೆನೆರಿಫೆಯ ಟೇಡೆ ಶಿಖರ ಮೋಡದ ಮೇಲೆ ತಲೆ ಎತ್ತಿ ನಿಂತಿತ್ತು ಎಂದು ಆಮೇಲೆ ಅವರಿಬ್ಬರೂ ಹೇಳಿದರು. ನಾನು ನೋಡುತ್ತಿದ್ದದ್ದು ಬಕೆಟ್ಟನ್ನು.

ಕಡಲ ಕಾಯಿಲೆಗೆ ಕಾರಣ ಹೊಟ್ಟೆಯಲ್ಲಿಲ್ಲ, ಒಳಗಿವಿಯಲ್ಲಿದೆ. ಕಣ್ಣು ಕೋಣೆಯ ಗೋಡೆಯನ್ನು ನೋಡಿ ಎಲ್ಲವೂ ನಿಂತಿದೆ ಎನ್ನುತ್ತದೆ, ಒಳಗಿವಿ ಎಲ್ಲವೂ ಓಲಾಡುತ್ತಿದೆ ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳದ ಶಿಕ್ಷೆ ಹೊಟ್ಟೆಗೆ. ಆದ್ದರಿಂದಲೇ ಮೇಲೆ ಬಂದು ದಿಗಂತವನ್ನು ನೋಡುತ್ತಾ ಕುಳಿತರೆ ಸ್ವಲ್ಪ ವಾಸಿ, ಕೆಳಗಿಳಿದು ಪುಸ್ತಕ ತೆರೆದರೆ ಮುಗಿಯಿತು. ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು; ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಉಳಿಯುವುದಿಲ್ಲ. ನಾನು ಜಂಬಕ್ಕೆ ನುಂಗಿರಲಿಲ್ಲ. ಎರಡು ದಿನ ಗುಟುಕು ಗುಟುಕಾಗಿ ನೀರು, ಒಣ ಬಿಸ್ಕತ್ತು, ದೋಣಿಯ ನಡುಭಾಗದಲ್ಲಿ ನೆಲಕ್ಕೆ ಹತ್ತಿರವಾಗಿ ಮಲಗುವುದು, ಇಷ್ಟೇ. ನಡುಭಾಗವೇ ಏಕೆಂದರೆ ಓಲಾಟ ಅಲ್ಲಿ ಅತ್ಯಂತ ಕಡಿಮೆ, ತೊಟ್ಟಿಲಿನ ಹಗ್ಗದ ಬುಡದಂತೆ. ಆದರೂ ಕಾವಲಿನ ಪಾಳಿಗೆ ವಿನಾಯಿತಿ ಕೊಡಲಿಲ್ಲ. ಬಕೆಟ್ಟು ಹಿಡಿದುಕೊಂಡೇ ಕುಳಿತುಕೋ ಎಂದ ಗೆಳೆಯ. ಆಗ ಕಟುಕನೆನಿಸಿದ, ಮೂರನೆಯ ಬೆಳಿಗ್ಗೆ ಹಸಿವಿನಿಂದ ಎಚ್ಚರವಾದಾಗ ಅವನು ಸರಿ ಎನಿಸಿತು.

ಪಾಳಿಯ ಏರ್ಪಾಡು ಹೀಗಿತ್ತು: ಹಗಲು ಸಡಿಲ, ರಾತ್ರಿ ಬಿಗಿ. ಒಂಬತ್ತರಿಂದ ಹನ್ನೆರಡು ಗೆಳೆಯನ ಹೆಂಡತಿ, ಹನ್ನೆರಡರಿಂದ ಮೂರು ನಾನು, ಮೂರರಿಂದ ಆರು ಅವನು. ಚುಕ್ಕಾಣಿಯನ್ನು ನಾವು ಹಿಡಿಯುತ್ತಿರಲಿಲ್ಲ. ಹಿಂಬದಿಯಲ್ಲಿ ನಿಲ್ಲಿಸಿದ ವಿಂಡ್‌ವೇನ್ ಎಂಬ ಸಲಕರಣೆಯೊಂದು ಆ ಕೆಲಸ ಮಾಡುತ್ತಿತ್ತು. ಅದರ ಮೇಲ್ತುದಿಯಲ್ಲಿ ಗಾಳಿಗೆ ಮುಖ ಮಾಡಿ ನಿಂತ ತೆಳುವಾದ ಹಲಗೆಯಿದೆ. ದೋಣಿ ದಾರಿ ತಪ್ಪಿದರೆ ಗಾಳಿ ಹಲಗೆಯ ಪಕ್ಕಕ್ಕೆ ಬಡಿದು ಅದನ್ನು ವಾಲಿಸುತ್ತದೆ, ಆ ವಾಲಿಕೆ ನೀರಿನಲ್ಲಿರುವ ಸಣ್ಣ ಹುಟ್ಟೊಂದನ್ನು ತಿರುಗಿಸುತ್ತದೆ, ಓಡುವ ನೀರು ಆ ಹುಟ್ಟನ್ನು ಬದಿಗೆ ತಳ್ಳುತ್ತದೆ, ಅದಕ್ಕೆ ಕಟ್ಟಿದ ಹಗ್ಗಗಳು ಚುಕ್ಕಾಣಿಯನ್ನು ಎಳೆದು ದೋಣಿಯನ್ನು ದಾರಿಗೆ ತರುತ್ತವೆ. ಒಂದು ಹನಿ ವಿದ್ಯುತ್ತೂ ಬೇಡ. ಒಂದೇ ಎಚ್ಚರಿಕೆಯೆಂದರೆ ಅದಕ್ಕೆ ಗೊತ್ತಿರುವುದು ಗಾಳಿ ಮಾತ್ರ, ದಿಕ್ಕಲ್ಲ. ಗಾಳಿ ಇಪ್ಪತ್ತು ಡಿಗ್ರಿ ತಿರುಗಿದರೆ ಅದೂ ನಿಷ್ಠೆಯಿಂದ ಇಪ್ಪತ್ತು ಡಿಗ್ರಿ ತಿರುಗಿ ಬೇರೆ ದೇಶದ ಕಡೆ ಹೊರಟುಬಿಡುತ್ತದೆ. ಅದಕ್ಕಾಗಿ ಗಂಟೆಗೊಮ್ಮೆ ದಿನಚರಿ ಪುಸ್ತಕದಲ್ಲಿ ಅಕ್ಷಾಂಶ, ರೇಖಾಂಶ, ದಿಕ್ಕು, ಗಾಳಿ, ವಾಯುಭಾರ ಇಷ್ಟನ್ನೂ ಬರೆಯಬೇಕಿತ್ತು.

ವಾಯುಭಾರ ಬರೆಯುವುದು ಮೊದಲು ವ್ಯರ್ಥ ಕೆಲಸದಂತೆ ಕಂಡಿತ್ತು. ನಾಲ್ಕನೆಯ ದಿನದ ಹೊತ್ತಿಗೆ ಆ ಕಂಬಸಾಲಿನಲ್ಲಿ ಒಂದು ಉಸಿರಾಟ ಕಾಣತೊಡಗಿತು. ದಿನಕ್ಕೆರಡು ಸಲ, ಬೆಳಿಗ್ಗೆ ಹತ್ತರ ಸುಮಾರಿಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ, ಅದು ಎರಡು ಹೆಕ್ಟೊಪಾಸ್ಕಲ್‌ನಷ್ಟು ಏರುತ್ತದೆ, ನಡುವೆ ಇಳಿಯುತ್ತದೆ. ಸೂರ್ಯ ವಾತಾವರಣವನ್ನು ಕಾಯಿಸುವುದರಿಂದ ಏಳುವ ಭರತ ಇದು, ಉಷ್ಣವಲಯದಲ್ಲಿ ಎದ್ದು ಕಾಣುತ್ತದೆ. ಈ ಏರಿಳಿತ ತಪ್ಪದೆ ನಡೆಯುತ್ತಿರುವವರೆಗೆ ಚಿಂತೆಯಿಲ್ಲ, ಅದು ಕೆಟ್ಟರೆ ಹವೆಯೂ ಕೆಡುತ್ತದೆ ಎಂದು ಗೆಳೆಯ ಹೇಳಿದ. ಅಂದಿನಿಂದ ನಾನೂ ಆ ಅಂಕಿಗಳನ್ನು ಶ್ರದ್ಧೆಯಿಂದ ಬರೆದೆ.

ಅಮಾವಾಸ್ಯೆ ಕಳೆದು ಹೊರಟಿದ್ದರಿಂದ ಮೊದಲ ಐದಾರು ರಾತ್ರಿ ನನ್ನ ಪಾಳಿ ಶುರುವಾಗುವ ಮೊದಲೇ ಚಂದ್ರ ಮುಳುಗಿರುತ್ತಿದ್ದ. ಕತ್ತಲೆಯೆಂದರೆ ಇದು ಎನ್ನುವಂಥ ಕತ್ತಲೆ. ದೋಣಿ ಸೀಳಿದ ನೀರು ಮಾತ್ರ ತಣ್ಣನೆಯ ಹಸಿರು ಬೆಳಕಿನಲ್ಲಿ ಕುದಿಯುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ತೇಲುಜೀವಿಗಳು ಕಲಕಿದಾಗಲೆಲ್ಲ ಹೀಗೆ ಮಿಂಚುತ್ತವೆ. ಶೌಚದ ನೀರನ್ನು ಸಮುದ್ರದಿಂದಲೇ ಎತ್ತುತ್ತಿದ್ದುದರಿಂದ ದೀಪ ಹಾಕದಿದ್ದರೆ ಅಲ್ಲಿಯೂ ಅದೇ ಮಿಂಚು. ಈ ವೈಭವವನ್ನು ಯಾರೂ ಬರೆದದ್ದನ್ನು ನಾನು ಓದಿಲ್ಲ.

ಆಕಾಶದ ವಿಷಯದಲ್ಲಿ ಒಂದು ಸಣ್ಣ ಅಳತೆ ನನಗೆ ಹುಚ್ಚು ಹಿಡಿಸಿತು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿದೆಯೋ ಸರಿಸುಮಾರು ಅದೇ ನಾವಿರುವ ಅಕ್ಷಾಂಶ. ಚಾಚಿದ ಕೈಯ ಮುಷ್ಟಿ ಸುಮಾರು ಹತ್ತು ಡಿಗ್ರಿ. ಲಾಸ್ ಪಾಲ್ಮಾಸ್ ಇರುವುದು 28 ಡಿಗ್ರಿಯಲ್ಲಿ, ಮೊದಲ ರಾತ್ರಿ ಧ್ರುವ ಹೆಚ್ಚುಕಡಿಮೆ ಮೂರು ಮುಷ್ಟಿ ಮೇಲಿತ್ತು. ಮೂರನೆಯ ದಿನ ಕಳೆಯುವ ಹೊತ್ತಿಗೆ ಕರ್ಕಾಟಕ ಸಂಕ್ರಾಂತಿ ವೃತ್ತ ದಾಟಿದೆವು. ಮಿಂಡೆಲೊ 17 ಡಿಗ್ರಿಗಿಂತ ಚೂರು ಕೆಳಗಿದೆ, ಕೊನೆಯ ರಾತ್ರಿ ಎರಡು ಮುಷ್ಟಿಯೂ ತುಂಬಲಿಲ್ಲ. ಅತ್ತ ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ ಅಷ್ಟೇ ಏರುತ್ತಿತ್ತು: ಮೊದಲ ರಾತ್ರಿ ದಿಗಂತದ ಮಬ್ಬಿನಿಂದ ಒಂದು ಮುಷ್ಟಿ ಮಾತ್ರ ಮೇಲೆ, ಕೊನೆಗೆ ಎರಡು ಮುಷ್ಟಿ. ಜಿಪಿಎಸ್ ಇದನ್ನೇ ದಶಾಂಶ ಬಿಂದುವಿನ ನಂತರ ಮೂರು ಸ್ಥಾನದವರೆಗೆ ಹೇಳುತ್ತಿತ್ತು, ಆದರೆ ಭೂಮಿ ದುಂಡಗಿದೆ ಎಂಬುದು ನನ್ನ ಸ್ವಂತ ಮುಷ್ಟಿಯಿಂದ ಗೊತ್ತಾದದ್ದು ಇದೇ ಮೊದಲು.

ಮೂರನೆಯ ರಾತ್ರಿ ಒಂದು ಹಡಗು. ಸಣ್ಣ ದೋಣಿಯಲ್ಲಿ ಕುಳಿತವರಿಗೆ ದಿಗಂತ ಬಹಳ ಹತ್ತಿರ. ನೀರಿನಿಂದ ಎರಡು ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಸಮುದ್ರದ ಅಂಚು ಮೂರು ಮೈಲಿ ಮಾತ್ರ. ಎತ್ತರದ ಹಡಗಿನ ದೀಪಗಳು ಅದಕ್ಕೂ ದೂರದಿಂದ ಕಾಣುತ್ತವೆಂಬುದು ನಿಜ, ಆದರೂ ಕಂಡ ಮೇಲೆ ನಮಗೆ ಉಳಿಯುವ ಕಾಲ ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ. ಎಐಎಸ್ ಎಂಬ ಉಪಕರಣ ಹಡಗುಗಳು ರೇಡಿಯೊದಲ್ಲಿ ಬಿತ್ತರಿಸುವ ಹೆಸರು, ವೇಗ, ದಿಕ್ಕನ್ನು ಹಿಡಿದು ಪರದೆಯ ಮೇಲೆ ತೋರಿಸುತ್ತದೆ. ಅದರ ಪ್ರಕಾರ ಸರಕು ಹಡಗೊಂದು ಹದಿನಾಲ್ಕು ನಾಟ್ ವೇಗದಲ್ಲಿ ಎದುರಿನಿಂದ ಬರುತ್ತಿತ್ತು, ಇಪ್ಪತ್ತೆರಡು ನಿಮಿಷದಲ್ಲಿ ನಮ್ಮಿಂದ ಮೈಲಿಯ ಐದನೆಯ ಒಂದು ಭಾಗದಷ್ಟು ದೂರದಲ್ಲಿ ಹಾದುಹೋಗಲಿತ್ತು. ಪರದೆಯನ್ನು ಪೂರ್ತಿ ನಂಬಬೇಡ, ಕಣ್ಣಿನಿಂದಲೂ ಪರೀಕ್ಷಿಸು ಎಂದು ಗೆಳೆಯ ಹೇಳಿಕೊಟ್ಟಿದ್ದ. ಕಟಕಟೆಯ ಒಂದು ಉಕ್ಕಿನ ಕಂಬಕ್ಕೆ ಹಡಗಿನ ದೀಪವನ್ನು ಸಾಲುಗೂಡಿಸಿ, ತಲೆ ಅಲುಗಿಸದೆ ಕಾಯಬೇಕು. ದೀಪ ಕಂಬದಿಂದ ಸರಿದರೆ ದಾರಿ ಬೇರೆ, ಸರಿಯದೆ ದೊಡ್ಡದಾಗುತ್ತಾ ಬಂದರೆ ಡಿಕ್ಕಿ. ಐದು ನಿಮಿಷ ಕಾದೆ. ಎರಡು ಬಿಳಿ ದೀಪಗಳು ಒಂದರ ಮೇಲೊಂದು ನೆಟ್ಟಗೆ ನಿಂತಿದ್ದವು, ಕೆಳಗೆ ಕೆಂಪೂ ಹಸಿರೂ ಎರಡೂ ಕಾಣುತ್ತಿದ್ದವು. ಹಡಗಿನ ಮೂತಿ ನಮ್ಮ ಕಡೆಗೇ ಇದೆ ಎಂದು ಇದರ ಅರ್ಥ.

ಗೆಳೆಯನನ್ನು ಎಬ್ಬಿಸಿದೆ. ತೆರೆದ ಸಮುದ್ರದಲ್ಲಿ ಹಾಯಿಯಿಂದ ಓಡುವ ದೋಣಿಗೆ ಎಂಜಿನ್ ಹಡಗು ದಾರಿ ಬಿಡಬೇಕೆಂದು 1972ರ ಅಂತಾರಾಷ್ಟ್ರೀಯ ನಿಯಮಾವಳಿ ಹೇಳುತ್ತದೆ, ಆದರೆ ನಿಯಮ ಗೊತ್ತಿರುವವನು ಎಚ್ಚರವಾಗಿದ್ದಾನೆಯೇ ಎಂಬುದು ಬೇರೆ ಪ್ರಶ್ನೆ. ಅವನು ರೇಡಿಯೊದ ಹದಿನಾರನೆಯ ಚಾನೆಲ್‌ನಲ್ಲಿ ಹಡಗನ್ನು ಹೆಸರಿಡಿದು ಕರೆದ. ಮೊದಲ ಕರೆಗೆ ಉತ್ತರವಿಲ್ಲ. ಎರಡನೆಯದಕ್ಕೆ ನಿದ್ದೆಯಿಲ್ಲದ, ಶಾಂತವಾದ ಒಂದು ದನಿ ನಿಮ್ಮನ್ನು ನೋಡಿದ್ದೇನೆ, ಬಲಕ್ಕೆ ತಿರುಗಿಸುತ್ತೇನೆ ಎಂದಿತು. ಮೇಲೆ ಬಂದು ನೋಡುತ್ತಿದ್ದಂತೆ ಹಸಿರು ದೀಪ ಮರೆಯಾಗಿ ಕೆಂಪೊಂದೇ ಉಳಿಯಿತು, ಬಿಳಿ ದೀಪಗಳು ಒಂದರಿಂದೊಂದು ದೂರ ಸರಿದವು. ಹಡಗು ಒಂದು ಮೈಲಿ ಆಚೆಯಿಂದ ಹಾದುಹೋಯಿತು. ಅದರ ಎಂಜಿನ್ನಿನ ಸದ್ದು ಕಿವಿಗಲ್ಲ, ಎದೆಗೂಡಿಗೆ ಕೇಳಿಸಿತು.

ನನ್ನ ನಿಜವಾದ ಭಯ ಹಡಗಿನದಲ್ಲ, ನೀರಿಗೆ ಬೀಳುವುದರದು. ಐದೂವರೆ ನಾಟ್ ವೇಗದಲ್ಲಿ ದೋಣಿ ಒಂದು ನಿಮಿಷಕ್ಕೆ 170 ಮೀಟರ್ ಮುಂದೆ ಹೋಗುತ್ತದೆ. ಗಾಳಿಯ ಜೊತೆ ಓಡುವಾಗ ಮುಂದಿನ ಹಾಯಿಯನ್ನು ಗಳುವೊಂದಕ್ಕೆ ಕಟ್ಟಿ ಹೊರಚಾಚಿರುತ್ತಾರೆ, ದೊಡ್ಡ ಹಾಯಿಯ ಬೂಮ್, ಅಂದರೆ ಅದರ ಕೆಳಅಂಚಿನ ಅಡ್ಡಗಳು, ಆಕಸ್ಮಿಕವಾಗಿ ಆಚೆ ಬದಿಗೆ ಬೀಸಿ ಬಾರದಂತೆ ಅದನ್ನೂ ಹಗ್ಗದಿಂದ ಬಿಗಿದಿರುತ್ತಾರೆ. ಇವೆಲ್ಲವನ್ನೂ ಬಿಚ್ಚಿ ದೋಣಿ ತಿರುಗಿಸುವುದಕ್ಕೆ ಹಲವು ನಿಮಿಷ ಬೇಕು. ಅಷ್ಟರಲ್ಲಿ ಬಿದ್ದವನ ತಲೆ ಎರಡೂವರೆ ಮೀಟರ್ ಉಬ್ಬಲೆಗಳ ನಡುವೆ, ಅದೂ ಕತ್ತಲಲ್ಲಿ. ಉಪಗ್ರಹಕ್ಕೆ ಅಪಾಯದ ಸಂಕೇತ ಕಳಿಸುವ 406 ಮೆಗಾಹರ್ಟ್ಸ್ ಬೀಕನ್ ದೋಣಿಯಲ್ಲಿತ್ತು, ಆದರೆ ಅದು ದೋಣಿಯಲ್ಲಿರುತ್ತದೆ, ಬಿದ್ದವನ ಕೈಯಲ್ಲಿರುವುದಿಲ್ಲ. ಹಾಗಾಗಿ ಕಾನೂನುಗಳು ಸರಳ ಮತ್ತು ಕ್ರೂರ: ಕತ್ತಲಾದ ಮೇಲೆ ಜೀವರಕ್ಷಕ ಜಾಕೆಟ್ಟಿನ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸದೆ ಮೆಟ್ಟಿಲ ಕೊನೆಯ ಹಂತವನ್ನೂ ಹತ್ತಬಾರದು, ಇನ್ನೊಬ್ಬರನ್ನು ಎಬ್ಬಿಸದೆ ಡೆಕ್ಕಿನ ಮುಂಭಾಗಕ್ಕೆ ಹೋಗಬಾರದು, ಗಂಡಸರು ಎಷ್ಟೇ ಅವಸರವಾದರೂ ದೋಣಿಯ ಅಂಚಿನಲ್ಲಿ ನಿಂತು ಸಮುದ್ರಕ್ಕೆ ಮೂತ್ರ ಮಾಡಬಾರದು, ಒಳಗೆ ಹೋಗಿ ಕುಳಿತೇ ಮಾಡಬೇಕು. ಮೂರನೆಯ ಕಾನೂನನ್ನು ಗೆಳೆಯನ ಹೆಂಡತಿ ಲಾಸ್ ಪಾಲ್ಮಾಸ್‌ನಲ್ಲಿಯೇ ನನ್ನಿಂದ ಬಾಯಿಬಿಟ್ಟು ಒಪ್ಪಿಸಿಕೊಂಡಿದ್ದರು.

ಹಗಲಿನ ಬಗ್ಗೆ ಹೇಳುವುದು ಕಡಿಮೆ. ಹಗಲು ಮಲಗುತ್ತಿದ್ದೆವು, ಒಂದೇ ಪಾತ್ರೆಯಲ್ಲಿ ಬೇಯಿಸಿದ್ದನ್ನು ಆಳವಾದ ಬಟ್ಟಲಿನಲ್ಲಿ ತಿನ್ನುತ್ತಿದ್ದೆವು. ಬೆಳಗಿನ ಸುತ್ತು ಮಾತ್ರ ತಪ್ಪುತ್ತಿರಲಿಲ್ಲ. ಡೆಕ್ಕಿನ ಮೇಲೆ ಬಿದ್ದು ಒಣಗಿದ ಹಾರುಮೀನುಗಳನ್ನು ಹೆಕ್ಕಿ ಎಸೆದ ಮೇಲೆ, ಪ್ರತಿಯೊಂದು ಹಗ್ಗವನ್ನೂ ಅದು ಯಾವುದಕ್ಕೆ ತಾಗುತ್ತದೆಯೋ ಅಲ್ಲಿ ಕೈಯಾಡಿಸಿ ನೋಡುವುದು. ನಾಲ್ಕನೆಯ ಬೆಳಿಗ್ಗೆ ಗಳುವಿನ ತುದಿಯಲ್ಲಿ ಹೆಬ್ಬೆರಳು ದಪ್ಪದ ಹಗ್ಗದ ಹೊರಕವಚ ಪೂರ್ತಿ ಸವೆದು ಒಳಗಿನ ಬಿಳಿ ಎಳೆಗಳು ಬ್ರಷ್ಷಿನಂತೆ ಎದ್ದು ನಿಂತಿದ್ದವು. ಯಾವ ಬಿರುಗಾಳಿಯೂ ಮಾಡಿದ್ದಲ್ಲ ಅದು. ನಾಲ್ಕೈದು ಸೆಕೆಂಡಿಗೊಮ್ಮೆ ಒಂದು ಸಣ್ಣ ಉಜ್ಜು, ಮೂರು ದಿನ. ಹಗ್ಗವನ್ನು ಒಂದು ಗೇಣು ಎಳೆದು ಉಜ್ಜುವ ಜಾಗ ಬದಲಿಸಿದೆವು. ಅಂದಿನಿಂದ ಅದು ದಿನನಿತ್ಯದ ಕೆಲಸವಾಯಿತು.

ಐದನೆಯ ರಾತ್ರಿಯ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಷ್ಟರಲ್ಲಿ ದೋಣಿಯ ಸದ್ದುಗಳೆಲ್ಲ ನನಗೆ ಪರಿಚಿತವಾಗಿದ್ದವು. ಕಪಾಟಿನಲ್ಲಿ ಉರುಳುವ ಡಬ್ಬಿಯ ಸದ್ದು, ಕೂವೆಮರದೊಳಗೆ ತಂತಿಗಳು ಬಡಿಯುವ ಸದ್ದು, ಹಿಂಬದಿಯಲ್ಲಿ ವಿಂಡ್‌ವೇನಿನ ಕಿರುಗುಟ್ಟುವಿಕೆ, ಮಗ್ಗುಲಲ್ಲಿ ಹರಿಯುವ ನೀರಿನ ಗುಳುಗುಳು. ಹನ್ನೆರಡೂವರೆಯ ಹೊತ್ತಿಗೆ ಈ ಮೇಳದಲ್ಲಿ ಹೊಸದೊಂದು ಸೇರಿತು: ಕೆಳಗಿನಿಂದ ಆರೇಳು ಸೆಕೆಂಡು ಸಣ್ಣಗೆ ಗುಂಯ್‌ಗುಟ್ಟಿ ನಿಂತ ಸದ್ದು. ಫ್ರಿಜ್ ಇರಬೇಕೆಂದು ಸುಮ್ಮನಾದೆ. ಹತ್ತು ನಿಮಿಷದ ನಂತರ ಮತ್ತೆ ಅದೇ. ಫ್ರಿಜ್ಜಿನದು ಇಷ್ಟು ಬೇಗ ನಿಲ್ಲುವುದಿಲ್ಲ. ಮೂರನೆಯ ಸಲ ಕೇಳಿದಾಗ ಬೆನ್ನಿನಲ್ಲಿ ಚಳುಕು ಹುಟ್ಟಿತು. ದೋಣಿಯ ತಳದಲ್ಲಿ, ನೆಲದ ಹಲಗೆಗಳ ಕೆಳಗೆ, ಸೋರಿದ ನೀರು ಸೇರುವ ಗುಂಡಿಯೊಂದಿದೆ, ಬಿಲ್ಜ್ ಎನ್ನುತ್ತಾರೆ. ಅಲ್ಲಿ ನೀರು ಒಂದು ಮಟ್ಟ ಮುಟ್ಟಿದರೆ ತಾನಾಗಿಯೇ ಓಡುವ ಪಂಪು ಅದು.

ಕೆಳಗಿಳಿದು ಹಲಗೆ ಎತ್ತಿ ಟಾರ್ಚು ಬಿಟ್ಟೆ. ದೋಣಿಯ ಜೊತೆ ಎಡಕ್ಕೂ ಬಲಕ್ಕೂ ಓಡಾಡುತ್ತಾ ನೀರು ಹೊಳೆಯಿತು. ಮೂರು ಸಾವಿರ ಮೀಟರ್ ಆಳದ ಮೇಲೆ, ಎರಡೂ ಕಡೆಯ ದಂಡೆಯಿಂದ ದಿನಗಟ್ಟಲೆ ದೂರದಲ್ಲಿ, ದೋಣಿಯ ಒಳಗೆ ನೀರು. ಗೆಳೆಯನನ್ನು ಕೂಗಿದೆ. ಅವನು ಒಳಉಡುಪಿನಲ್ಲಿಯೇ ಎದ್ದು ಬಂದು ನನ್ನ ಪಕ್ಕದಲ್ಲಿ ಮೊಣಕಾಲೂರಿದ, ಏನೂ ಮಾತನಾಡದೆ ಬೆರಳನ್ನು ನೀರಿನಲ್ಲದ್ದಿ ಬಾಯಿಗಿಟ್ಟುಕೊಂಡ. ನನಗೂ ಹಾಗೆ ಮಾಡಲು ಸನ್ನೆ ಮಾಡಿದ. ಡೀಸೆಲ್ಲಿನ ಕಮಟು, ಧೂಳಿನ ಕಮಟು, ಆದರೆ ಉಪ್ಪಿಲ್ಲ. ಸಿಹಿನೀರು! ದೋಣಿಗೆ ತೂತು ಬಿದ್ದಿಲ್ಲ ಎಂದು ಇಬ್ಬರೂ ಒಂದೇ ಸಲ ಉಸಿರು ಬಿಟ್ಟೆವು. ಮರುಕ್ಷಣವೇ ಇದು ಎಲ್ಲಿಂದ ಬಂತೆಂದು ಹೊಳೆದು ಇಬ್ಬರೂ ಒಂದೇ ಸಲ ಎದ್ದೆವು.

ಕುಡಿಯುವ ನೀರಿನ ಎರಡು ತೊಟ್ಟಿಗಳಿದ್ದವು, ತಲಾ 150 ಲೀಟರಿನವು. ಬಲಬದಿಯ ತೊಟ್ಟಿಯ ಕೊಳವೆಯನ್ನು ಬಿಗಿಯುವ ಕ್ಲಿಪ್ಪು ಸಡಿಲವಾಗಿ, ದೋಣಿ ಓಲಾಡಿದಾಗಲೆಲ್ಲ ಒಂದೊಂದು ಬೊಗಸೆ ನೀರು ಬಿಲ್ಜಿಗೆ ಇಳಿಯುತ್ತಿತ್ತು, ಪಂಪು ಅದನ್ನು ಕರ್ತವ್ಯನಿಷ್ಠೆಯಿಂದ ಅಟ್ಲಾಂಟಿಕ್‌ಗೆ ಸುರಿಯುತ್ತಿತ್ತು. ಕವಾಟ ಮುಚ್ಚುವ ಹೊತ್ತಿಗೆ ಆ ತೊಟ್ಟಿಯಲ್ಲಿ ಉಳಿದದ್ದು ತಳ ಒದ್ದೆಯಾಗುವಷ್ಟು. ಇನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು, ಅದೂ ಅಲ್ಲದೆ ನಲವತ್ತು ಲೀಟರ್ ಬೇರೆ ಕ್ಯಾನುಗಳಲ್ಲಿತ್ತು. ಮೂವರಿಗೆ ಉಳಿದ ಮೂರು ದಿನಕ್ಕೆ ಅದು ಧಾರಾಳ. ಆದರೆ ಎರಡೂ ತೊಟ್ಟಿಗಳ ಕವಾಟ ತೆರೆದೇ ಇದ್ದಿದ್ದರೆ, ನಾವು ಅಟ್ಲಾಂಟಿಕ್ಕಿನ ಆಚೆ ದಡಕ್ಕೆ ಹೊರಟಿದ್ದಿದ್ದರೆ, ಆ ಸದ್ದನ್ನು ನಾನು ಫ್ರಿಜ್ಜಿನದೆಂದೇ ನಂಬಿ ಕುಳಿತಿದ್ದಿದ್ದರೆ ಎಂದು ಲೆಕ್ಕ ಹಾಕುತ್ತಾ ಉಳಿದ ಪಾಳಿ ಕಳೆದೆ. ಕ್ಲಿಪ್ಪನ್ನು ಹೊರಡುವ ಹಿಂದಿನ ದಿನ ಬದಲಿಸಿದ್ದವನು ಗೆಳೆಯನೇ. ಬೆಳಿಗ್ಗೆ ಅವನ ಹೆಂಡತಿ ಆ ವಿಷಯ ಎತ್ತಲಿಲ್ಲ. ದಿನಚರಿ ಪುಸ್ತಕದಲ್ಲಿ ಸಮಯ ಬರೆದು, ಯಾರು ಬಿಗಿದದ್ದು ಎಂಬುದನ್ನೂ ಅಂದವಾದ ಅಕ್ಷರದಲ್ಲಿ ಬರೆದಿಟ್ಟರು, ಅಷ್ಟೆ.

ಆರನೆಯ ದಿನ ಸೂರ್ಯ ಬಿಳಿಚಿಕೊಂಡು ಹುಟ್ಟಿದ. ದಿಗಂತ ಹತ್ತಿರ ಬಂದಂತಿತ್ತು, ನೀರಿಗೂ ಆಕಾಶಕ್ಕೂ ನಡುವೆ ಗೆರೆಯಿರಲಿಲ್ಲ. ಸಹಾರಾದ ಧೂಳು. ಕ್ಯಾನರಿಯವರು ಇದಕ್ಕೆ ಕಲಿಮಾ ಎನ್ನುತ್ತಾರೆ. ಆಫ್ರಿಕಾದ ದಂಡೆ ನೂರಾರು ಮೈಲಿ ಪೂರ್ವದಲ್ಲಿದ್ದರೂ ಹಗ್ಗಗಳ ಗಾಳಿಯ ಕಡೆಯ ಮಗ್ಗುಲೆಲ್ಲ ಕೆಂಗಂದು ಬಣ್ಣಕ್ಕೆ ತಿರುಗಿತ್ತು. ಬೆರಳಿನಿಂದ ಒರೆಸಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. 1832ರ ಜನವರಿಯಲ್ಲಿ ಬೀಗಲ್ ಹಡಗು ಕಾಬೊ ವರ್ಡೆಯದೇ ಆದ ಸಾಂಟಿಯಾಗೊ ದ್ವೀಪದಲ್ಲಿ ಲಂಗರು ಹಾಕಿದಾಗ ಚಾರ್ಲ್ಸ್ ಡಾರ್ವಿನ್ ಇಂಥದೇ ಧೂಳನ್ನು ಕೂಡಿಸಿಟ್ಟುಕೊಂಡಿದ್ದ. ಎಹ್ರೆನ್‌ಬರ್ಗ್ ಎಂಬ ಜರ್ಮನ್ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ನೋಡಿ ಅದರಲ್ಲಿ ಸೂಕ್ಷ್ಮಜೀವಿಗಳ ಚಿಪ್ಪುಗಳಿವೆ ಎಂದು ತಿಳಿಸಿದ. ನಾನು ಕೂಡಿಸಿಡಲಿಲ್ಲ, ಹಾಯಿಗೆ ಅಂಟಿದ ಅದನ್ನು ತೊಳೆಯಲು ನಮ್ಮಲ್ಲಿ ನೀರೂ ಇರಲಿಲ್ಲ. ಮೂವರ ಗಂಟಲೂ ಕೆರೆಯುತ್ತಿತ್ತು.

ಏಳನೆಯ ರಾತ್ರಿ ನನ್ನ ಪಾಳಿಯ ನಡುವೆ ಅರ್ಧಚಂದ್ರ ಧೂಳಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಮುಳುಗುವುದಕ್ಕೆ ಬಹಳ ಮೊದಲೇ ಕರಗಿಹೋದ. ನೆಲ ಕಾಣುವ ಮೊದಲು ಅದರ ವಾಸನೆ ಬರುತ್ತದೆ ಎಂದು ಎಲ್ಲೆಲ್ಲೋ ಕೇಳಿದ್ದೆ. ನಮಗೆ ಗಾಳಿ ಹಿಂದಿನಿಂದ; ದ್ವೀಪದ ವಾಸನೆಯೆಲ್ಲ ನಮ್ಮಿಂದ ದೂರಕ್ಕೆ ಹಾರಿಹೋಗುತ್ತಿತ್ತು. ಬೆಳಕು ಹರಿದಾಗ ನಕ್ಷೆಯ ಪ್ರಕಾರ ಹತ್ತು ಮೈಲಿಯಲ್ಲಿ ಮಿಂಡೆಲೊ ಇರುವ ಸಾವೊ ವಿಸೆಂಟೆ ದ್ವೀಪ, ಅದರ ಬಲಕ್ಕೆ 1,979 ಮೀಟರ್ ಎತ್ತರದ ಸಾಂಟೊ ಆಂಟಾವೊ ದ್ವೀಪ. ಕಣ್ಣಿಗೆ ಏನೂ ಇಲ್ಲ, ಹಾಲಿನಂಥ ಮಬ್ಬು. ಎಂಟೂವರೆಯ ಹೊತ್ತಿಗೆ ಗೆಳೆಯನ ಹೆಂಡತಿ ಕೈಚಾಚಿ ತೋರಿಸಿದರು. ನಾನು ದಿಗಂತದಲ್ಲಿ ಹುಡುಕುತ್ತಿದ್ದೆ; ಅವರು ತೋರಿಸುತ್ತಿದ್ದದ್ದು ಅದಕ್ಕಿಂತ ಬಹಳ ಮೇಲೆ. ಆಕಾಶದಲ್ಲಿ ಒಂದು ಬೆಟ್ಟದ ಅಂಚು ಪೆನ್ಸಿಲ್ಲಿನಲ್ಲಿ ಎಳೆದಂತೆ ಮೂಡಿತ್ತು, ಕೆಳಗೆ ಏನೂ ಇರಲಿಲ್ಲ.

ಎರಡು ದ್ವೀಪಗಳ ನಡುವಿನ ಕಾಲುವೆಯಲ್ಲಿ ಗಾಳಿ ಮತ್ತೆ ಹಿಂಡಿಕೊಂಡು ಇಪ್ಪತ್ತೈದಕ್ಕೇರಿತು. ಈ ಸಲ ಹಾಯಿ ಕುಗ್ಗಿಸೋಣವೇ ಎಂದು ಮೊದಲು ಕೇಳಿದವನು ನಾನು. ಕೊಲ್ಲಿಯ ಬಾಯಿಯಲ್ಲಿ ದೀಪಸ್ತಂಭ ಹೊತ್ತ ಪುಟ್ಟ ಬಂಡೆಗಲ್ಲಿನ ದ್ವೀಪವನ್ನು ಸುತ್ತಿ ಮಿಂಡೆಲೊದ ಬಂದರಾದ ಪೋರ್ಟೊ ಗ್ರಾಂಡೆಯೊಳಗೆ ತಿರುಗಿದ ಕೂಡಲೇ ಅಲೆ ಅಡಗಿತು, ಏಳು ದಿನದಲ್ಲಿ ಮೊದಲ ಸಲ ದೋಣಿ ನೆಟ್ಟಗೆ ನಿಂತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಟ್ಲಾಂಟಿಕ್ ದಾಟುವ ಉಗಿಹಡಗುಗಳು ಕಲ್ಲಿದ್ದಲು ತುಂಬಿಸಿಕೊಳ್ಳುತ್ತಿದ್ದ ಬಂದರು ಇದು. ಎದುರಿನ ಬೆಟ್ಟ ಅಂಗಾತ ಮಲಗಿದ ಮನುಷ್ಯನ ಮುಖದಂತಿದೆ, ಹೆಸರೂ ಮೊಂಟೆ ಕಾರಾ, ಮುಖದ ಬೆಟ್ಟ. ಹೊರದೇಶದಿಂದ ಬಂದಿದ್ದೇವೆ, ತಪಾಸಣೆಗೆ ಸಿದ್ಧ ಎಂದು ಸಾರುವ ಹಳದಿ ಬಾವುಟ ಏರಿಸಿ ತೇಲುಕಟ್ಟೆಗೆ ಹಗ್ಗ ಕಟ್ಟಿದಾಗ ಹತ್ತು ಗಂಟೆಗೆ ಐದು ನಿಮಿಷ. ಸ್ಥಳೀಯ ಸಮಯಕ್ಕೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆವು.

ಎಂಜಿನ್ ನಿಲ್ಲಿಸಿದ ಮೇಲೆ ಯಾರೂ ದಡಕ್ಕೆ ಹಾರಲಿಲ್ಲ. ಗೆಳೆಯ ಉಪಕರಣಗಳ ಪೆಟ್ಟಿಗೆ ತೆಗೆದು ನೆಲದ ಹಲಗೆ ಎತ್ತಿದ. ಹೊಟ್ಟೆಯ ಮೇಲೆ ಮಲಗಿ ಬಲಬದಿಯ ತೊಟ್ಟಿಯ ಕೊಳವೆಗೆ ಹೊಸ ಕ್ಲಿಪ್ಪು ಹಾಕಿ ಬಿಗಿದ. ನಾನು ಟಾರ್ಚು ಹಿಡಿದಿದ್ದೆ. ಅವನ ಹೆಂಡತಿ ಮೆಟ್ಟಿಲ ಮೇಲೆ ಕುಳಿತು ದಿನಚರಿ ಪುಸ್ತಕದ ಕೊನೆಯ ಸಾಲು ತುಂಬುತ್ತಿದ್ದರು.

"ಎರಡು ಹಾಕು," ಎಂದರು, ತಲೆ ಎತ್ತದೆ.

ಅವನು ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದುಕೊಂಡ.